ಹಣದ ಜೊತೆ ತಿಳಿವಳಿಕೆಯನ್ನೂ ಕಳಿಸೋಣ

(ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೋ ಕನ್ನಡಿಗರ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಊಟದ ಹೊತ್ತಾಗಿದೆ, ಹೆಚ್ಚು ಕಾಯಿಸುವುದಿಲ್ಲ. ಮೊದಲು ನಮ್ಮದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಾವು ನಾಲ್ಕೈದು ಗೆಳೆಯರು ಹಣ ಕೂಡಿಸಿ ಊರ ಕಡೆಯ ಶಾಲೆಯೊಂದಕ್ಕೆ ಕಂಪ್ಯೂಟರ್ ಕೊಡಿಸಿದೆವು. ಫೋಟೋ ಬಂತು, ಖುಷಿಪಟ್ಟೆವು. ಎರಡು ವರ್ಷದ ಮೇಲೆ ರಜೆಗೆ ಹೋದಾಗ ನೋಡಿದರೆ, ಅವಕ್ಕೆ ಬಟ್ಟೆ ಹೊದಿಸಿ ಕೋಣೆಗೆ ಬೀಗ ಹಾಕಿದ್ದರು. ತಪ್ಪು ಶಾಲೆಯದಲ್ಲ. ಅದರೊಳಗೆ ಇದ್ದದ್ದೆಲ್ಲ ಇಂಗ್ಲಿಷ್. ಕಲಿಸುವವರ ಸಂಬಳಕ್ಕೆ ನಾವು ಒಂದು ಡಾಲರನ್ನೂ ಎತ್ತಿಟ್ಟಿರಲಿಲ್ಲ. ನಾವು ಕಳಿಸಿದ್ದು ಯಂತ್ರವನ್ನು, ತಿಳಿವಳಿಕೆಯನ್ನಲ್ಲ.

ನಾವಿರುವ ಈ ನಾಡನ್ನೇ ನೋಡಿ. ಹತ್ತಿರದ ರಿವರ್‌ಸೈಡ್‌ನಲ್ಲಿ 1907ರಲ್ಲಿ ಕಿತ್ತಳೆ, ನಿಂಬೆ ಬೆಳೆಗಾರರಿಗಾಗಿ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿನ ಇಂದಿನ ವಿಶ್ವವಿದ್ಯಾಲಯ ಅದರಿಂದಲೇ ಬೆಳೆದದ್ದು. 1914ರ ಸ್ಮಿತ್-ಲೀವರ್ ಕಾಯ್ದೆ, ಪ್ರಯೋಗಶಾಲೆಯ ಅರಿವನ್ನು ರೈತನ ಹೊಲಕ್ಕೆ ಮುಟ್ಟಿಸಲು ಸರ್ಕಾರದ ಹಣ ಒದಗಿಸಿತು. ಕಂಡುಹಿಡಿಯುವುದು ಒಂದು ಕೆಲಸ, ಮುಟ್ಟಿಸುವುದು ಇನ್ನೊಂದು ಕೆಲಸ ಎಂದು ಇವರು ಅಂದೇ ಅರಿತಿದ್ದರು.

ನಮ್ಮಲ್ಲೂ ಅಂಥವರಿದ್ದಾರೆ. 1988ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಅದನ್ನು ಬೆಳೆಸಿದ ಶ್ರೀಪಡ್ರೆಯವರು ಕಾಸರಗೋಡು ಜಿಲ್ಲೆಯವರು. ತೋಟದಲ್ಲಿ ಮಾಡಿ ನೋಡಿದವನೇ ಬರೆದಾಗ ಓದುವ ರೈತನಿಗೆ ನಂಬಿಕೆ ಬರುತ್ತದೆ.

2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಶುರುವಾದ ಡಿಜಿಟಲ್ ಗ್ರೀನ್ ಇದನ್ನೇ ವೀಡಿಯೋದಲ್ಲಿ ಮಾಡಿತು. ರೈತರೇ ಪಾತ್ರಧಾರಿಗಳು. ಊರಿನವರೇ ಒಬ್ಬರು ಅದನ್ನು ತೋರಿಸಿ, ನಡುನಡುವೆ ನಿಲ್ಲಿಸಿ, ಪ್ರಶ್ನೆ ಕೇಳಿ, ಚರ್ಚೆ ನಡೆಸುತ್ತಿದ್ದರು. ಕರ್ನಾಟಕದ 16 ಹಳ್ಳಿಗಳಲ್ಲಿ ನಡೆದ ಪರೀಕ್ಷೆಯಲ್ಲಿ, ಹಳೆಯ ಸಲಹಾ ಪದ್ಧತಿಗಿಂತ ಏಳು ಪಟ್ಟು ಹೆಚ್ಚಾಗಿ ಕೆಲವು ಹೊಸ ವಿಧಾನಗಳು ಬಳಕೆಗೆ ಬಂದವು. ಕ್ಯಾಮೆರಾ ಒಂದರಿಂದಲೇ ಇದು ಆಗಲಿಲ್ಲ. ನಮ್ಮ ಮಾತಿನಲ್ಲಿ, ನಮ್ಮಂಥವನೇ ಹೇಳಿದ್ದರಿಂದ ಆಯಿತು.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದು, ಆಗ 15 ರೂಪಾಯಿಗೆ ಪ್ರತಿ ಸಿಗತೊಡಗಿತು. ಒಳ್ಳೆಯ ಕೆಲಸವೇ. ಆದರೆ ಪಹಣಿಯಲ್ಲಿ ಹೆಸರೇ ಇಲ್ಲದ ಕೂಲಿಯವನಿಗೆ ಅದರಿಂದ ಏನು ಸಿಕ್ಕಿತು? ಇದ್ದವನಿಗೆ ಮಾತ್ರ ದಕ್ಕುವ ಮಾಹಿತಿ ಅಂತರವನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚಿಸುತ್ತದೆ.

ಇಂದು ಹಳ್ಳಿಯ ಕೈಗಳಲ್ಲೂ ಫೋನಿದೆ. ಅದರ ಚಿಪ್ ಮಾಡುವವರು ಇಲ್ಲೇ ಸ್ಯಾನ್ ಡಿಯಾಗೋದಲ್ಲಿದ್ದೀರಿ, ವೈದ್ಯರಿದ್ದೀರಿ, ಲೆಕ್ಕಪರಿಶೋಧಕರಿದ್ದೀರಿ. ನನ್ನ ಕೋರಿಕೆ ಮೂರೇ. ಕೊಡುವ ಮುಂಚೆ ಊರಿನವರನ್ನು, ಅದರಲ್ಲೂ ಭೂಮಿ ಇಲ್ಲದವರನ್ನು, ಹೆಂಗಸರನ್ನು, ಏನು ಬೇಕೆಂದು ಕೇಳಿ. ಯಂತ್ರಕ್ಕೆ ಕೊಡುವಷ್ಟೇ ಹಣವನ್ನು ಕಲಿಸುವವರ ಸಂಬಳಕ್ಕೂ ಕೊಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದೇ ವಿಷಯವನ್ನು, ಸಕ್ಕರೆ ಕಾಯಿಲೆಯೋ ಬ್ಯಾಂಕ್ ಸಾಲದ ಬಡ್ಡಿ ಲೆಕ್ಕವೋ, ನಿಮ್ಮ ಅಜ್ಜಿಗೆ ಅರ್ಥವಾಗುವ ಕನ್ನಡದಲ್ಲಿ ಹತ್ತು ನಿಮಿಷ ಹೇಳಿ, ಊರಿನ ಒಬ್ಬರಿಗೆ ಕೇಳಿಸಿ, ತಿದ್ದಿ.

ನಮ್ಮಲ್ಲಿ ಹೆಚ್ಚಿನವರು ಓದಿದ್ದು ಸರ್ಕಾರಿ ಖರ್ಚಿನಲ್ಲಿ. ಆ ಖರ್ಚಿನಲ್ಲಿ ಆ ಕೂಲಿಯವನ ಪಾಲೂ ಇದೆ. ಇದು ದಾನವಲ್ಲ, ಸಾಲ ತೀರಿಸುವುದು.