ಸೂಪಾ ಕಾಡಿನ ಬಂಡಾಯ: ಗಡಿಯನ್ನೇ ಗುರಾಣಿ ಮಾಡಿಕೊಂಡವರು

ಶಿರಸಿ, ಸಿದ್ದಾಪುರದ ಕಡೆ ಸ್ವಾತಂತ್ರ್ಯ ಹೋರಾಟ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು 1930ರ ದಶಕದ ಕರನಿರಾಕರಣೆ. ಮನೆ, ತೋಟ ಜಪ್ತಿಯಾದರೂ ಜನ ಕಂದಾಯ ಕೊಡಲಿಲ್ಲ. ಅದಕ್ಕೂ ಎಪ್ಪತ್ತು ವರ್ಷ ಮೊದಲು ಇದೇ ಉತ್ತರ ಕನ್ನಡ ಜಿಲ್ಲೆಯಲ್ಲಿ ಬಂದೂಕು ಹಿಡಿದು ಒಂದು ಯುದ್ಧ ನಡೆದಿತ್ತು. ಯಲ್ಲಾಪುರದಿಂದ ವಾಯವ್ಯಕ್ಕೆ, ಸೂಪಾ ಸೀಮೆಯ ಕಾಡಿನಲ್ಲಿ. ಇವತ್ತು ಆ ಕಥೆ ಹೇಳ್ತೀನಿ.

ಉತ್ತರ ಭಾರತದಲ್ಲಿ ದಂಗೆ ಹೊತ್ತಿದ್ದು 1857ರಲ್ಲಿ. 1858ರ ಆರಂಭದಲ್ಲಿ ಗೋವಾ ಗಡಿ ದಾಟಿ ಒಂದು ಗುಂಪು ಸೂಪಾ ಕಡೆಗೆ ಬಂತು. ಅದರಲ್ಲಿ 1840ರ ದಶಕದಲ್ಲಿ ಇಂಗ್ಲಿಷರ ಮೇಲೆ ಬಂಡೆದ್ದು ಸೋತು, ಗೋವಾದಲ್ಲಿ ಆಶ್ರಯ ಪಡೆದಿದ್ದ ಸಾವಂತವಾಡಿಯವರಿದ್ದರು. ಸೂಪಾ ಸೀಮೆಯ ಭೂಮಾಲೀಕರಾದ ಫಡ್ನಿಸ್ ಸಹೋದರರು ಅವರ ಜೊತೆ ಸೇರಿದರು. ಚಿಂತೋಬಾ ಫಡ್ನಿಸ್ ಹೆಸರು ಇವರಲ್ಲಿ ಮುಖ್ಯ. ಇನ್ನೊಂದು ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ: ಸಿದ್ದಿ ಬಸ್ತ್ಯಾಂವ್. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ತಂದಿದ್ದ ಜನರಲ್ಲಿ ಎಷ್ಟೋ ಮಂದಿ ಗೋವಾದಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಬಂದಿದ್ದರು. ಆ ಸಮುದಾಯದ ಮನುಷ್ಯ ಈತ.

ಬಂದವರು ಗಡಿಯ ಸುಂಕದ ಕಟ್ಟೆಗೆ ಬೆಂಕಿ ಇಟ್ಟರು. ಆಮೇಲೆ ಗಡಿಯಲ್ಲೇ ಇರುವ ದರ್ಶನಿಗುಡ್ಡ ಹತ್ತಿ ಕೂತರು. ಆ ಜಾಗದ ಆಯ್ಕೆಯನ್ನು ಸ್ವಲ್ಪ ಗಮನಿಸಿ. ಘಟ್ಟದ ಕಾಲುದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೀಬೇಕು. ಸಾವಿರ ಸಿಪಾಯಿಗಳಿದ್ದರೂ ಮುಂದಿನ ನಾಲ್ಕೈದು ಜನರಿಗಷ್ಟೇ ಎದುರಾಳಿ ಕಾಣೋದು. ಎರಡೂ ಕಡೆ ಬಿದಿರಿನ ಹಿಂಡು. ಗುಂಡು ಎಲ್ಲಿಂದ ಬಂತು ಅಂತ ತಿಳಿಯೋದ್ರೊಳಗೆ ಹೊಡೆದವನು ಇನ್ನೊಂದು ದಿಣ್ಣೆಯ ಮೇಲಿರ್ತಾನೆ. ಮದ್ದು, ಅಕ್ಕಿ ಹೊತ್ತ ಎತ್ತುಗಳಿಗೆ ಈ ದಾರಿ ಏರೋದು ಕಷ್ಟ. ಮಳೆ ಹಿಡಿದರೆ ಹಳ್ಳಗಳು ತುಂಬಿ ದಾರಿಯೇ ಬಂದ್, ಮದ್ದಿಗೆ ತೇವ, ಕಾಲಿಗೆ ಉಂಬಳ. ಅದರ ಮೇಲೆ ಮಲೆನಾಡಿನ ಚಳಿಜ್ವರ ಬೇರೆ.

ಕಾಡಿಗಿಂತ ಹೆಚ್ಚಾಗಿ ಇವರನ್ನು ಕಾಪಾಡಿದ್ದು ಗಡಿ ಅನ್ನೋದು ನನ್ನ ಅಭಿಪ್ರಾಯ. ಈ ಕಡೆ ಕಂಪನಿ ಸರ್ಕಾರ, ಆ ಕಡೆ ಪೋರ್ಚುಗೀಸ್ ಗೋವಾ. ಇಲ್ಲಿ ಹೊಡೆದು ಅಲ್ಲಿಗೆ ದಾಟಿದರೆ ಇಂಗ್ಲಿಷ್ ಸೈನ್ಯ ಗಡಿಯಲ್ಲೇ ನಿಲ್ಲಬೇಕು. ಹಾಗಂತ ಕಾಡಿನ ಆಸರೆಯೂ ಸಣ್ಣದಲ್ಲ. ನೆರೆಯ ನಂದಗಡದ ಸೀಮೆಯಲ್ಲಿ 1830ರಲ್ಲಿ ಸಂಗೊಳ್ಳಿ ರಾಯಣ್ಣನೂ ಕಾಡನ್ನೇ ನೆಚ್ಚಿ ಕಾದಾಡಿದವನು. ಅವನನ್ನು ಹಿಡಿದುಕೊಟ್ಟವರು ನಮ್ಮವರೇ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ಪಡೆಯಲ್ಲೂ ಗಜವೀರನೆಂಬ ಸಿದ್ದಿ ಇದ್ದನೆಂದು ಜನ ಹೇಳ್ತಾರೆ. ಸಿದ್ದಿಗಳಿಗೆ ಈ ಕಾಡಿನ ಒಳದಾರಿ, ನೀರಿನ ಜಾಗ, ಗೆಡ್ಡೆಗೆಣಸು ಎಲ್ಲ ಗೊತ್ತು. ಅಂಥವರಿಲ್ಲದೆ ಹೊರಗಿನಿಂದ ಬಂದ ಗುಂಪು ಈ ಕಾಡಿನಲ್ಲಿ ಹೆಚ್ಚು ದಿನ ಉಳಿಯೋದು ಕಷ್ಟ.

ಇಂಗ್ಲಿಷರಿಗೂ ಗಡಿಯ ಈ ಗುಟ್ಟು ತಿಳಿಯಿತು. ಗೋವಾ ಸರ್ಕಾರ ಅವರ ಜೊತೆ ಕೈಜೋಡಿಸಿದ ಮೇಲೆ ಗಡಿಯ ಆಸರೆ ತಪ್ಪಿಹೋಯ್ತು. ಆದರೂ 1859ರವರೆಗೆ ಸಣ್ಣ ಸಣ್ಣ ತಂಡಗಳು ಕಾಡಿನಲ್ಲಿದ್ದವು. ಕೊನೆಗೆ ಚಿಂತೋಬಾ, ಬಸ್ತ್ಯಾಂವ್ ಇಬ್ಬರೂ ಕಾಳಗದಲ್ಲಿ ಸತ್ತರು. ಸಿಕ್ಕಿಬಿದ್ದವರಲ್ಲಿ ಅನೇಕರಿಗೆ ಗಡೀಪಾರಾಯ್ತು.

ಎಷ್ಟೋ ವರ್ಷಗಳ ನಂತರ ಸೂಪಾ ಪೇಟೆ ಕಾಳಿ ನದಿಯ ಅಣೆಕಟ್ಟಿನ ನೀರಲ್ಲಿ ಮುಳುಗಿತು, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿಗೆ ಹೋಗಲು 2020 ಬರಬೇಕಾಯ್ತು. ರಾಯಣ್ಣನ ಹೆಸರಲ್ಲಿ ಲಾವಣಿ, ಸಿನಿಮಾ, ಪ್ರತಿಮೆ ಎಲ್ಲ ಇವೆ, ಇರಬೇಕು ಕೂಡ. ಬಸ್ತ್ಯಾಂವನ ಹೆಸರನ್ನು ಜಿಲ್ಲೆಯ ಎಷ್ಟು ಮಕ್ಕಳು ಕೇಳಿದ್ದಾರೆ ಅಂತ ಯೋಚಿಸಿದರೆ ಬೇಸರವಾಗುತ್ತೆ.

ಯಲ್ಲಾಪುರ, ಹಳಿಯಾಳ, ಜೋಯಿಡಾ ಕಡೆಯವರು ಈ ವಿಡಿಯೊ ನೋಡ್ತಿದ್ದರೆ ಒಂದು ಕೇಳಿಕೊಳ್ತೀನಿ. ನಿಮ್ಮೂರಿನ ಸಿದ್ದಿ ಹಿರಿಯರ ಹತ್ತಿರ ಕೂತು ಮಾತಾಡಿ. ಕಾಡಿಗೆ ಹೋದವರ ಕಥೆ, ಹಾಡು ಏನಾದರೂ ಅವರಿಗೆ ನೆನಪಿದ್ದರೆ, ಅವರ ಒಪ್ಪಿಗೆ ಪಡೆದು, ಅವರದೇ ಮಾತಿನಲ್ಲಿ ರೆಕಾರ್ಡ್ ಮಾಡಿಡಿ.