ಕೂಲಿ, ಸಂಬಳಗಳ ಜಪ್ತಿ: ಪಂಚಾಯಿತಿ ಸದಸ್ಯರು ಅರಿತಿರಬೇಕಾದುದು



ತಾಳ್ಯ ಹೋಬಳಿಯಲ್ಲಿ ಮಳೆ ಕೈಕೊಟ್ಟ ವರ್ಷ ಸಾಲ ಮಾಡದ ಕೂಲಿಕಾರರ ಮನೆ ಅಪರೂಪ. ಸಾಲ ಕೊಟ್ಟವರು "ಕೂಲಿಯನ್ನೇ ಜಪ್ತಿ ಮಾಡಿಸುತ್ತೇವೆ" ಎಂದು ಹೆದರಿಸಿದಾಗ ಕೂಲಿಕಾರರು ಮೊದಲು ಬರುವುದು ಸದಸ್ಯರ ಬಾಗಿಲಿಗೇ.

ಈ ಬೆದರಿಕೆಗೆ ಕಾನೂನಿನ ಬಲವಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಪ್ರಕರಣದ ಮೇರೆಗೆ ಕೂಲಿಕಾರರ ಹಾಗೂ ಮನೆಗೆಲಸದವರ ಕೂಲಿಯನ್ನು, ಅದು ಹಣವಾಗಿರಲಿ ರಾಗಿಯಾಗಿರಲಿ, ಡಿಕ್ರಿ ಜಾರಿಗಾಗಿ ಜಪ್ತಿ ಮಾಡುವಂತಿಲ್ಲ.

ತಿಂಗಳ ಸಂಬಳದ ಮಾತು ಬೇರೆ. ಸಾಮಾನ್ಯ ಸಾಲದ ಡಿಕ್ರಿಯಲ್ಲಿ ಮೊದಲ 1,000 ರೂಪಾಯಿಯನ್ನೂ ಉಳಿದುದರ ಮೂರರಲ್ಲಿ ಎರಡು ಪಾಲನ್ನೂ ಮುಟ್ಟುವಂತಿಲ್ಲ. ಕರವಸೂಲಿಗಾರರ ಸಂಬಳ 13,000 ರೂಪಾಯಿ ಎಂದಿಟ್ಟುಕೊಂಡರೆ ಕಡಿತವಾಗಬಹುದಾದುದು 4,000 ಮಾತ್ರ. ಅದೂ ಒಂದೇ ಡಿಕ್ರಿಗೆ ಒಟ್ಟು 24 ತಿಂಗಳವರೆಗೆ. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಯಾದರೆ ಮೂರರಲ್ಲಿ ಒಂದು ಪಾಲಷ್ಟೇ ಸುರಕ್ಷಿತ. ಅದು ನ್ಯಾಯವೇ ಸರಿ.

ಇಂಥ ಜಪ್ತಿಗೆ ನ್ಯಾಯಾಲಯದ ಆದೇಶವೇ ಬೇಕು. ಫೈನಾನ್ಸಿನವರ ಪತ್ರವಾಗಲಿ ವಕೀಲರ ನೋಟಿಸಾಗಲಿ ಆದೇಶವಲ್ಲ. ಆದರೆ ಆದೇಶ ಬಂದ ಮೇಲೆ ಅದನ್ನು ಕಡತದಲ್ಲಿ ಮುಚ್ಚಿಡುವುದು ತರವಲ್ಲ. ಹಣ ತಡೆಹಿಡಿಯದೆ ಸಂಬಳ ಬಟವಾಡೆ ಮಾಡಿದರೆ ಆ ಮೊತ್ತಕ್ಕೆ ಪಂಚಾಯಿತಿಯೇ ಹೊಣೆ.

"ಸಾಲ ತೀರುವತನಕ ನಮ್ಮ ತೋಟದಲ್ಲೇ ದುಡಿ" ಎಂದು ಕೂಲಿ ಹಿಡಿದಿಟ್ಟುಕೊಂಡರೆ ಅದು ಜಪ್ತಿಯಲ್ಲ, ಜೀತ. 1976ರ ಜೀತ ಪದ್ಧತಿ ರದ್ದತಿ ಅಧಿನಿಯಮವು ಅಂಥ ಜೀತದ ಸಾಲವನ್ನೇ ಅಳಿಸಿಹಾಕಿದೆ. ಇದು ಕಂಡುಬಂದಲ್ಲಿ ಸದಸ್ಯರು ತಹಶೀಲ್ದಾರರಿಗೆ ಅಥವಾ ಉಪವಿಭಾಗಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸತಕ್ಕದ್ದು.