ಎರಡೇ ಕಾಲಿನ ಮುಕ್ಕಾಲಿ
(ಬಾನುಲಿ ಭಾಷಣ)



ಮಕ್ಕಳಿಗೆ ಕಥೆ ಹೇಳಲು ಕುಳಿತವನು ಒಂದು ಋಣವನ್ನು ಹೊತ್ತುಕೊಂಡೇ ಕುಳಿತಿರುತ್ತಾನೆ. ಅದು ಕಥೆಯನ್ನು ಮುಗಿಸುವ ಋಣ. ನಡುವೆ ಆತ ಏನನ್ನಾದರೂ ಸೇರಿಸಲಿ, ಏನನ್ನಾದರೂ ಬಿಡಲಿ, ಮಕ್ಕಳು ಕ್ಷಮಿಸುತ್ತಾರೆ. ಮುಗಿಸದೆ ಎದ್ದು ಹೋದವನನ್ನು ಮಾತ್ರ ಅವರು ಕ್ಷಮಿಸುವುದಿಲ್ಲ. ಈ ಮಾತು ನನಗೆ ಚೆನ್ನಾಗಿ ಮನದಟ್ಟಾದದ್ದು ಕಳೆದ ಬೇಸಗೆಯಲ್ಲಿ, ಹಾವೇರಿಯ ನನ್ನ ಮನೆಯಲ್ಲಿ, ಹನ್ನೆರಡು ವರ್ಷದ ಮೊಮ್ಮಗಳ ಪಕ್ಕದಲ್ಲಿ ಕುಳಿತು ಹಳೆಯದೊಂದು ಧಾರಾವಾಹಿಯನ್ನು ನೋಡಿದಾಗ.

ಆ ಧಾರಾವಾಹಿಯ ಹಿಂದಿರುವುದು ಮೂರು ಸಣ್ಣ ಪುಸ್ತಕಗಳು. ಬರೆದವರು ಜಾನ್ ಕ್ರಿಸ್ಟೊಫರ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಸ್ಯಾಮ್ ಯೂಡ್ ಎಂಬ ಇಂಗ್ಲಿಷ್ ಲೇಖಕರು. 'ದಿ ವೈಟ್ ಮೌಂಟನ್ಸ್' ಮತ್ತು 'ದಿ ಸಿಟಿ ಆಫ್ ಗೋಲ್ಡ್ ಅಂಡ್ ಲೆಡ್' 1967ರಲ್ಲಿಯೂ, 'ದಿ ಪೂಲ್ ಆಫ್ ಫೈರ್' 1968ರಲ್ಲಿಯೂ ಪ್ರಕಟವಾದವು. ಅನ್ಯಗ್ರಹದ ಜೀವಿಗಳು ಭೂಮಿಯನ್ನು ಗೆದ್ದು ಆಳುತ್ತಿದ್ದಾರೆ. ಅವರ ವಾಹನಗಳು ಮೂರು ಕಾಲಿನ ಲೋಹದ ದೈತ್ಯಯಂತ್ರಗಳು. ಹದಿನಾಲ್ಕನೆಯ ವಯಸ್ಸಿನಲ್ಲಿ ಪ್ರತಿಯೊಂದು ಮಗುವಿನ ತಲೆಗೂ ಲೋಹದ ಟೊಪ್ಪಿಗೆ ಏರುತ್ತದೆ. ಅಂದಿನಿಂದ ಆ ಮಗು ಪ್ರಶ್ನೆ ಕೇಳುವುದನ್ನು ಮರೆಯುತ್ತದೆ. ಟೊಪ್ಪಿಗೆ ಏರುವ ಮುನ್ನವೇ ವಿಲ್, ಹೆನ್ರಿ ಮತ್ತು 'ಬೀನ್‌ಪೋಲ್' ಎಂಬ ಅಡ್ಡಹೆಸರಿನ ಫ್ರೆಂಚ್ ಹುಡುಗ ಸ್ವತಂತ್ರ ಮನುಷ್ಯರು ಅಡಗಿರುವ ಹಿಮದ ಬೆಟ್ಟಗಳತ್ತ ಓಡಿಹೋಗುತ್ತಾರೆ.

ಈ ಮೂರು ಪುಸ್ತಕಗಳು ಹುಬ್ಬಳ್ಳಿಯ ಹಳೆಯ ಪುಸ್ತಕಗಳ ರಾಶಿಯೊಂದರಲ್ಲಿ ನನ್ನ ಕೈಗೆ ಬಂದವು. ಆಗ ನಾನು ರಾಣೆಬೆನ್ನೂರಿನ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. 1984ರ ಮಳೆಗಾಲದಲ್ಲಿ ಶನಿವಾರದ ಕೊನೆಯ ಅವಧಿಯನ್ನು ಈ ಕಥೆಗೆ ಮೀಸಲಿಟ್ಟು, ಕನ್ನಡದಲ್ಲಿ ಹೇಳತೊಡಗಿದೆ. ಯಂತ್ರಕ್ಕೆ 'ಮುಕ್ಕಾಲಿ' ಎಂದು ಹೆಸರಿಟ್ಟೆ. ನನ್ನ ಮುಕ್ಕಾಲಿಗಳು ತುಂಗಭದ್ರೆಯನ್ನು ಒಂದೇ ಹೆಜ್ಜೆಗೆ ದಾಟಿ, ಹತ್ತಿಯ ಹೊಲಗಳನ್ನು ತುಳಿಯುತ್ತ ದೇವರಗುಡ್ಡದ ಕಡೆಗೆ ನಡೆಯುತ್ತಿದ್ದವು. ಲೇಖಕರನ್ನು ಕೇಳಿ ಮಾಡಿದ ಬದಲಾವಣೆಯಲ್ಲ ಅದು. ಆದರೆ ನಮ್ಮ ನಾಡಿನವರೇ ಆದ ಗಳಗನಾಥರು ಹರಿನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡದ ಓದುಗರಿಗೆ ಒಗ್ಗಿಸಿ ಕೊಟ್ಟ ದಾರಿ ನನ್ನ ಕಣ್ಣ ಮುಂದಿತ್ತು. ಹಾಗಾಗಿ ನನಗೆ ಅಳುಕಿರಲಿಲ್ಲ.

ಆ ತರಗತಿಯಲ್ಲಿ ಬ್ಯಾಡಗಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಹುಡುಗನೊಬ್ಬನಿದ್ದ. ಎರಡು ಪುಸ್ತಕಗಳ ಕಥೆ ಮುಗಿಯುವ ಹೊತ್ತಿಗೆ ಅವನ ತಂದೆ ಹಾಸಿಗೆ ಹಿಡಿದರು. ಮೆಣಸಿನಕಾಯಿಯ ಸುಗ್ಗಿ ಬಂದಿತ್ತು. ಹುಡುಗ ಶಾಲೆ ಬಿಟ್ಟು ದಲಾಲಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತ. ಕೊನೆಯ ದಿನ ನನ್ನೆದುರು ನಿಂತು ಅವನು ಕೇಳಿದ್ದು ಒಂದೇ ಮಾತು: "ಸರ, ಮುಂದ ಏನಾಗತೈತ್ರಿ?" ನನಗೆ ಗಂಟಲು ಕಟ್ಟಿತು. ಮೂರನೆಯ ಪುಸ್ತಕವನ್ನೇ ಅವನ ಕೈಯಲ್ಲಿಟ್ಟೆ. ಅದನ್ನು ಓದುವಷ್ಟು ಇಂಗ್ಲಿಷ್ ಅವನಿಗೆ ಬರುತ್ತಿರಲಿಲ್ಲವೆಂಬುದು ನನಗೆ ತಿಳಿದಿತ್ತು. ಅವನಿಗೂ ತಿಳಿದಿತ್ತು.

ನಾನು ರಾಣೆಬೆನ್ನೂರಿನಲ್ಲಿ ಕಥೆ ಹೇಳುತ್ತಿದ್ದ ಅದೇ ವರ್ಷ ಬ್ರಿಟನ್ನಿನಲ್ಲಿ ಬಿ.ಬಿ.ಸಿ.ಯು ಇದನ್ನು ದೂರದರ್ಶನಕ್ಕೆ ತಂದಿತ್ತು. 1984ರಲ್ಲಿ ಹದಿಮೂರು ಕಂತು, 1985ರಲ್ಲಿ ಹನ್ನೆರಡು. ಅದನ್ನೇ ನನ್ನ ಮಗ ಕಳೆದ ಬೇಸಗೆಯಲ್ಲಿ ತಂದುಕೊಟ್ಟದ್ದು. ನಾನು ಹಬ್ಬದ ಉತ್ಸಾಹದಿಂದ ಮೊಮ್ಮಗಳನ್ನು ಕರೆದು ಕೂಡಿಸಿಕೊಂಡೆ.

ಮೊದಲಿಗೆ ನಿರಾಸೆಯಾದದ್ದು ನನಗೆ. ಪುಸ್ತಕದಲ್ಲಿ ಹುಡುಗರ ಬೆನ್ನಿಗೆ ಸದಾ ಅಂಟಿಕೊಂಡಿರುವ ಭಯ ತೆರೆಯ ಮೇಲೆ ಆಗೊಮ್ಮೆ ಈಗೊಮ್ಮೆ ಮಾತ್ರ ಇಣುಕುತ್ತಿತ್ತು. ಮುಕ್ಕಾಲಿಗಳ ದರ್ಶನವೇ ಅಪರೂಪ. ತೆಳ್ಳಗಿನ ಪುಸ್ತಕವನ್ನು ಹದಿಮೂರು ಕಂತುಗಳಿಗೆ ಎಳೆಯಬೇಕಲ್ಲ! ಮೂಲದಲ್ಲಿ ಇಲ್ಲದ ದ್ರಾಕ್ಷಿತೋಟದ ಕುಟುಂಬವೊಂದು ನಡುವೆ ಬಂದು, ಓಡಿಹೋಗುತ್ತಿರುವ ಹುಡುಗರು ಅಲ್ಲಿ ನೆಂಟರಂತೆ ತಂಗಿದರು. ಎರಡನೆಯ ಭಾಗದ ಚಿನ್ನದ ನಗರದಲ್ಲಿ ಕಥೆ ಚುರುಕಾಯಿತೆಂಬುದನ್ನು ನ್ಯಾಯವಾಗಿ ಹೇಳಬೇಕು. ಮೊಮ್ಮಗಳು ಊಟದ ತಟ್ಟೆಯನ್ನೂ ಮರೆತು ನೋಡಿದಳು.

ಆಮೇಲೆ ಇಪ್ಪತ್ತೈದನೆಯ ಕಂತು. ಶತ್ರುನಗರದ ರಹಸ್ಯವನ್ನು ಹೊತ್ತು ಹುಡುಗರು ಹಿಮದ ಬೆಟ್ಟಕ್ಕೆ ಮರಳುತ್ತಾರೆ. ಅವರ ನೆಲೆ ನಾಶವಾಗಿದೆ. ಅಷ್ಟಕ್ಕೇ ಮುಗಿಯಿತು. ಮೂರನೆಯ ಪುಸ್ತಕವನ್ನು ಬಿ.ಬಿ.ಸಿ. ಚಿತ್ರಿಸಲೇ ಇಲ್ಲ. ಮೂರು ಕಾಲಿನ ಕಥೆಯನ್ನು ಎರಡೇ ಕಾಲಿನ ಮೇಲೆ ನಿಲ್ಲಿಸಿ ಹೋದರು.

"ಅಜ್ಜಾ, ಇಷ್ಟೇ ಏನು?" ಎಂದಳು ಮೊಮ್ಮಗಳು. "ಹಂಗಾದ್ರ ಇಷ್ಟು ದಿನ ಯಾಕ ತೋರಿಸಿದ್ರು?"

ಆಕೆಗೆ ಸಿಗದೆ ಹೋದದ್ದು ಬರಿಯ ಯುದ್ಧದ ದೃಶ್ಯಗಳಲ್ಲ. ಕೊನೆಯ ನಗರವನ್ನು ಒಡೆಯಲು ಆಕಾಶಬುಟ್ಟಿಗಳಲ್ಲಿ ಹೋದವರ ಪೈಕಿ ಹೆನ್ರಿ ತನ್ನ ಪ್ರಾಣವನ್ನೇ ಕೊಡುತ್ತಾನೆ. ಗೆದ್ದ ಮೇಲೆ ಮನುಷ್ಯರು ಮತ್ತೆ ದೇಶ ದೇಶವಾಗಿ ಒಡೆದು ಜಗಳಕ್ಕೆ ನಿಲ್ಲುತ್ತಾರೆ. ಉಳಿದ ಗೆಳೆಯರು ತಮ್ಮ ಸ್ವಂತದ ಕನಸುಗಳನ್ನು ಬದಿಗಿಟ್ಟು, ಅವರನ್ನು ಕೂಡಿಸುವ ಕೆಲಸಕ್ಕೆ ಹೊರಡುತ್ತಾರೆ. ಸ್ವಾತಂತ್ರ್ಯವನ್ನು ಗಳಿಸುವುದಕ್ಕಿಂತ ಉಳಿಸಿಕೊಳ್ಳುವುದು ಕಠಿಣ ಎಂಬ ಆ ಕೊನೆಯ ಪುಟಗಳಿಗಾಗಿಯೇ ಮೊದಲಿನ ಓಟವೆಲ್ಲ. ಲೇಖಕರು 1988ರಲ್ಲಿ ಈ ಕಥೆಯ ಪೂರ್ವಭಾಗವೊಂದನ್ನು ಬರೆದರು. ಅದರಲ್ಲಿ ಅನ್ಯಗ್ರಹದವರು ಮನುಷ್ಯರ ಮನಸ್ಸನ್ನು ಗೆಲ್ಲುವ ಉಪಾಯ ದೂರದರ್ಶನದ ಒಂದು ಕಾರ್ಯಕ್ರಮ! ಧಾರಾವಾಹಿಗೆ ಅದು ಅವರ ಉತ್ತರವೋ ಅಲ್ಲವೋ, ಓದುವಾಗ ನನಗೆ ನಗು ತಡೆಯಲಾಗಲಿಲ್ಲ.

ದೂರದರ್ಶನವೇ ಕಥೆಗೆ ಶತ್ರು ಎಂದು ನಾನು ಹೇಳಲಾರೆ. 'ಗೈಡ್' ಚಲನಚಿತ್ರದಿಂದ ಬೇಸರಗೊಂಡು ಅದರ ಬಗ್ಗೆ ಲೇಖನವನ್ನೇ ಬರೆದ ಆರ್. ಕೆ. ನಾರಾಯಣರ ಕಥೆಗಳನ್ನೇ ಶಂಕರನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಆಗಿ ಚಿತ್ರಿಸಿದರು. 1980ರ ದಶಕದ ಉತ್ತರಾರ್ಧದಲ್ಲಿ ದೇಶವೇ ಅದನ್ನು ಕಣ್ಣಿಗೊತ್ತಿಕೊಂಡು ನೋಡಿತು. ಅಲ್ಲಿ ಸಣ್ಣ ಕಥೆಗೆ ಸಣ್ಣ ಅವಧಿ. ಹಿಡಿದ ಕಥೆಯನ್ನು ದಡ ಮುಟ್ಟಿಸುವ ನಿಷ್ಠೆ.

ಮೊಮ್ಮಗಳಿಗೆ ಮುಂದಿನ ಕಥೆಯನ್ನು ಬಾಯಿಂದಲೇ ಹೇಳಹೊರಟೆ. ನಲವತ್ತು ವರ್ಷದ ಹಿಂದಿನ ಓದು, ಅಲ್ಲಲ್ಲಿ ತಡವರಿಸಿದೆ. ಆಕೆ ಬಿಡಲಿಲ್ಲ. ಮರುದಿನ ಇಬ್ಬರೂ ಬಸ್ಸು ಹತ್ತಿ, ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಗೆ ಹೋದೆವು. ಪೇಟೆಯಲ್ಲಿ ವಿಚಾರಿಸಿ ಅವನ ಅಂಗಡಿಯನ್ನು ಹುಡುಕಿದೆ. ಕೂದಲು ನರೆತಿದ್ದವು, ಗುರುತು ಹತ್ತಿದ್ದು ಅವನಿಗೇ ಮೊದಲು. ಕಾಲಿಗೆ ಎರಗಿ, ಚಹಾ ತರಿಸಿ, ನಾನು ಬಂದ ಕಾರಣ ಕೇಳಿ ಒಳಗೆ ಹೋದ. ವರ್ತಮಾನಪತ್ರಿಕೆಯ ಹೊದಿಕೆ ಹಾಕಿದ ಪುಸ್ತಕವನ್ನು ತಂದು ನನ್ನ ಮುಂದಿಟ್ಟ.

ಪುಟ ತೆರೆದೆ. ಅಂಚಿನ ತುಂಬ ಪೆನ್ಸಿಲ್ಲಿನಲ್ಲಿ ಬರೆದ ಕನ್ನಡ ಅರ್ಥಗಳು. ಮೊದಮೊದಲು ಸಾಲಿಗೆ ನಾಲ್ಕು, ಐದು. ಹೋಗುತ್ತ ಹೋಗುತ್ತ ವಿರಳ. ಕೊನೆಯ ಪುಟಗಳ ಅಂಚು ಖಾಲಿ.

"ಡಿಕ್ಷನರಿ ಇಟಗೊಂಡು ದಿನಕ್ಕ ಒಂದೊಂದು ಪುಟ ಓದೀನ್ರಿ ಸರ. ಹೆನ್ರಿ ಸತ್ತದ್ದು ಬಂದಾಗ ಎರಡು ದಿನ ಮುಂದ ಓದಲಿಲ್ಲ."

ಧಾರಾವಾಹಿಯ ಸಂಗತಿ ಹೇಳಿದೆ. ಅವನು ಎದುರಿನ ಕೆಂಪು ರಾಶಿಯತ್ತ ನೋಡಿ ನಕ್ಕ: "ಅದೂ ನಮ್ಮ ಕಾಯಿ ಇದ್ದಂಗ ಏನ್ರಿ? ಬಣ್ಣ ಬಾಳ, ಖಾರ ಕಡಿಮಿ. ನಮ್ಮ ಕಾಯಿಗಾದ್ರ ಬಣ್ಣಕ್ಕ ರೊಕ್ಕ ಕೊಡ್ತಾರ. ಕಥಿಗೆ ಯಾರು ಕೊಡ್ತಾರ್ರಿ?"

ಹೊರಡುವಾಗ ಪುಸ್ತಕವನ್ನು ಮೊಮ್ಮಗಳ ಕೈಗೆ ಕೊಟ್ಟ. ಕೊಟ್ಟವನು ಒಂದು ಕ್ಷಣ ಹಾಗೆಯೇ ಹಿಡಿದುಕೊಂಡು, "ತಂಗೀ, ಓದಿ ತಿರುಗಿ ಕೊಡಬೇಕು ಮತ್ತ" ಎಂದ. ಪುಸ್ತಕದ ಮೊದಲ ಪುಟದಲ್ಲಿ ನನ್ನ ಹೆಸರೇ ಇತ್ತು. ನಾನು ಸುಮ್ಮನಿದ್ದೆ. ಅದು ಯಾರದೆಂಬುದು ಎಂದೋ ತೀರ್ಮಾನವಾಗಿತ್ತು.

ಮಳೆಗಾಲ ಹಿಡಿಯುವ ಮುನ್ನ ಆಕೆ ಓದಿ ಮುಗಿಸಿದಳು. ಪುಸ್ತಕವನ್ನು ಹಿಂತಿರುಗಿಸಲು ನಾವಿಬ್ಬರೂ ಮತ್ತೊಮ್ಮೆ ಬ್ಯಾಡಗಿಗೆ ಹೋಗಿ ಬಂದೆವು.